ಊರಲ್ಲಿ ಕಟ್ಟಿದ ಮೋಟಾರು ಬಂಡಿಯ ಬ್ರೇಕು: ದೋಷವನ್ನು ಕಾಣುವ ಮತ್ತು ಗಾಳಿಯನ್ನು ತೆಗೆಯುವ ಕ್ರಮ

ಮೋಟಾರು ಬಂಡಿಯನ್ನು ಕಟ್ಟಿಸುವವರು ಮಿಸ್ತ್ರಿಯನ್ನು ಮೊದಲು ಕೇಳುವ ಪ್ರಶ್ನೆಯು ಅದು ಎಷ್ಟು ಹೊರೆಯನ್ನು ಎಳೆಯುವುದೆಂಬುದು; ಎರಡನೆಯದು ಎಷ್ಟು ಡೀಸೆಲ್ ಕುಡಿಯುವುದೆಂಬುದು. ಹೊರೆ ತುಂಬಿದಾಗ ಅದು ಎಷ್ಟು ದೂರದೊಳಗೆ ನಿಲ್ಲುವುದೆಂದು ಕೇಳುವವರು ವಿರಳ. ಹಳೆಯ ಜೀಪಿನ ಅಚ್ಚು, ಗುಜರಿಯಿಂದ ತಂದ ಚಾಸಿ, ಯಾವುದೋ ಕಾರಿನ ಬ್ರೇಕಿನ ಸಾಮಾನು, ಪಂಪಿನ ಡೀಸೆಲ್ ಎಂಜಿನ್ನು ಇವುಗಳನ್ನು ಕೂಡಿಸಿ ಬೆಸುಗೆ ಹಾಕಿ ಬಂಡಿಯನ್ನು ಓಡಿಸಬಲ್ಲ ಕೈಜಾಣರು ಹಿಂದೂಸ್ಥಾನದ ಹಳ್ಳಿಗಳಲ್ಲಿ ಅನೇಕರಿದ್ದಾರೆ. ಇಂಥ ಬಂಡಿಗೆ ಪಂಜಾಬ, ರಾಜಸ್ಥಾನ, ಉತ್ತರ ಪ್ರದೇಶಗಳಲ್ಲಿ ಜುಗಾಡ್ ಎಂದು ಹೆಸರು. ಕಾರ್ಖಾನೆಯ ವಾಹನದಲ್ಲಿ ಬ್ರೇಕಿನ ಪ್ರತಿಯೊಂದು ಭಾಗವೂ ಉಳಿದ ಭಾಗಗಳನ್ನು ನೋಡಿಕೊಂಡು ಅಳತೆಗೊಂಡಿರುತ್ತದೆ. ಊರಲ್ಲಿ ಕಟ್ಟಿದ ಬಂಡಿಯಲ್ಲಾದರೋ ನಾಲ್ಕು ಮನೆಯ ಸಾಮಾನುಗಳು ಒಂದೆಡೆ ಸೇರಿರುತ್ತವೆ. ಅವು ಒಂದಕ್ಕೊಂದು ಹೊಂದಿದವೋ ಇಲ್ಲವೋ ಎಂಬುದು ಇಳಿಜಾರಿನಲ್ಲಿ ಮಾತ್ರ ಹೊರಬೀಳುತ್ತದೆ. ಅದು ಅಲ್ಲಿ ಹೊರಬೀಳುವ ಮೊದಲೇ ಅಂಗಳದಲ್ಲಿ ಕಂಡುಕೊಳ್ಳುವ ಕ್ರಮವನ್ನು ಈ ಲೇಖನದಲ್ಲಿ ವಿವರಿಸಿದೆ.

ಈ ಸೀಮೆಯ ಇಳಿಜಾರು

ಬೀದರ ಪಟ್ಟಣವು ಕೆಂಪು ಜಂಬಿಟ್ಟಿಗೆಯ ಎತ್ತರದ ಬಯಲಿನ ಅಂಚಿನ ಮೇಲಿದೆ. ಅಲ್ಲಿಂದ ಜನವಾಡದ ಕಡೆಗೆ ಹೊರಟವರು ಇಳಿಯುತ್ತ ಹೋಗಿ, ಮಾಂಜ್ರಾ ನದಿಯನ್ನು ದಾಟಿ, ಸಂತಪುರದ ಮೇಲೆ ಔರಾದವನ್ನು ಸೇರಬೇಕು. ಭಾಲ್ಕಿಯ ಕಡೆಯ ದಾರಿಯೂ ಇದೇ ಎತ್ತರದಿಂದ ಇಳಿದು ಕಪ್ಪು ನೆಲಕ್ಕೆ ಕೂಡುತ್ತದೆ. ತೊಗರಿ, ಸೋಯಾ, ಕಡಲೆಗಳ ಚೀಲಗಳು ಪೇಟೆಗೆ ಹೋಗುವುದೂ, ಕಬ್ಬು ಸಕ್ಕರೆ ಕಾರ್ಖಾನೆಗಳಿಗೆ ಹೋಗುವುದೂ ಇಂಥ ಏರಿಳಿತದ ದಾರಿಗಳಲ್ಲಿಯೇ. ಎಳ್ಳಮಾವಾಸ್ಯೆಯ ದಿನ ಚರಗ ಚೆಲ್ಲಲು ಹೆಂಗಸರು ಮಕ್ಕಳು ಬುತ್ತಿಯ ಗಂಟುಗಳೊಡನೆ ಹೊಲಕ್ಕೆ ಹೊರಡುವುದೂ ಹಲವು ಊರುಗಳಲ್ಲಿ ಟ್ರೇಲರಿನ ಮೇಲೆಯೇ. ಆದಕಾರಣ ಬ್ರೇಕಿನ ವಿಚಾರವು ಮಿಸ್ತ್ರಿಯೊಬ್ಬನ ವಿಚಾರವಲ್ಲ. ಬಂಡಿಯ ಧಣಿಯದೂ ಊರ ಹಿರಿಯರದೂ ಆಗಿದೆ.

ಲೆಕ್ಕವನ್ನು ನೋಡಿದರೆ ಸಂಗತಿಯು ಇನ್ನೂ ಸ್ಪಷ್ಟವಾದೀತು. ಗಂಟೆಗೆ ೩೦ ಕಿಲೋಮೀಟರು ವೇಗದ ಬಂಡಿಯು ಪ್ರತಿ ಸೆಕೆಂಡಿಗೆ ೮ ಮೀಟರಿಗಿಂತ ಹೆಚ್ಚು ಸಾಗುತ್ತದೆ. ಬ್ರೇಕು ಚೆನ್ನಾಗಿದ್ದು, ಬಂಡಿಯ ತೂಕದ ಅರ್ಧದಷ್ಟು ತಡೆಯನ್ನು ಕೊಡುವುದಾದರೆ, ಸಮನೆಲದಲ್ಲಿ ಅದು ಸುಮಾರು ೭ ಮೀಟರಿನಲ್ಲಿ ನಿಲ್ಲುವುದು. ಬ್ರೇಕು ಸೊರಗಿ, ತೂಕದ ಐದರಲ್ಲಿ ಒಂದು ಪಾಲು ಮಾತ್ರ ತಡೆ ಕೊಡುವುದಾದರೆ, ಸುಮಾರು ೧೮ ಮೀಟರು ಬೇಕಾಗುವುದು. ಅದೇ ಸೊರಗಿದ ಬ್ರೇಕು ೧೫ ಅಡಿಗೆ ಒಂದು ಅಡಿ ಇಳಿಯುವ ದಾರಿಯಲ್ಲಿದ್ದರೆ ೨೬ ಮೀಟರು ದಾಟುವುದು. ಚಾಲಕನು ಅಪಾಯವನ್ನು ಕಂಡು ಕಾಲಿಡುವುದರೊಳಗೆ ಕಳೆದ ದೂರವು ಇದರಲ್ಲಿ ಸೇರಿಲ್ಲ. ವೇಗವು ಇಮ್ಮಡಿಯಾದರೆ ನಿಲ್ಲುವ ದೂರವು ಇಮ್ಮಡಿಯಲ್ಲ, ನಾಲ್ಮಡಿ ಎಂಬುದನ್ನೂ ನೆನಪಿಡತಕ್ಕದ್ದು.

ಎಣ್ಣೆಯ ಬ್ರೇಕು ಕೆಲಸ ಮಾಡುವ ರೀತಿ

ಮುಚ್ಚಿದ ಪಾತ್ರೆಯೊಳಗಿನ ದ್ರವವನ್ನು ಒಂದು ಕಡೆಯಲ್ಲಿ ಒತ್ತಿದರೆ ಆ ಒತ್ತಡವು ಎಲ್ಲ ಕಡೆಗೂ ಸಮನಾಗಿ ಹರಡುವುದೆಂಬ ತತ್ವವನ್ನು ಫ್ರಾನ್ಸ್ ದೇಶದ ಪ್ಯಾಸ್ಕಲ್ ಎಂಬ ವಿದ್ವಾಂಸನು ೧೭ನೆಯ ಶತಮಾನದಲ್ಲಿ ತಿಳಿಸಿದನು. ಅಮೆರಿಕದ ಮಾಲ್ಕಮ್ ಲಾಕ್‌ಹೀಡ್ ಎಂಬಾತನು ೧೯೧೭ರಲ್ಲಿ ಇದನ್ನು ಮೋಟಾರಿನ ಬ್ರೇಕಿಗೆ ಅಳವಡಿಸಿ ಹಕ್ಕುಪತ್ರವನ್ನು ಪಡೆದನು. ೧೯೨೧ರಲ್ಲಿ ಡ್ಯೂಸೆನ್‌ಬರ್ಗ್ ಎಂಬ ಕಾರಿನ ನಾಲ್ಕೂ ಗಾಲಿಗಳಿಗೆ ಎಣ್ಣೆಯ ಬ್ರೇಕು ಬಂದಿತು. ಇಂದಿನವರೆಗೂ ಮೂಲತತ್ವವು ಅದೇ. ಪೆಡಲನ್ನು ಒತ್ತಿದಾಗ ಮಾಸ್ಟರ್ ಸಿಲಿಂಡರಿನ ಪಿಸ್ಟನ್ನು ಎಣ್ಣೆಯನ್ನು ತಳ್ಳುತ್ತದೆ. ಎಣ್ಣೆಯು ಕೊಳವೆಯ ಮೂಲಕ ಗಾಲಿಯ ಸಿಲಿಂಡರುಗಳಿಗೆ ಹೋಗಿ, ಲೈನರ್ ಹಚ್ಚಿದ ಶೂಗಳನ್ನು ಡ್ರಮ್ಮಿಗೆ ಒತ್ತುತ್ತದೆ.

ದ್ರವವು ಒತ್ತಿದರೆ ಕುಗ್ಗುವುದಿಲ್ಲ, ಗಾಳಿಯು ಕುಗ್ಗುತ್ತದೆ. ಕೊಳವೆಯಲ್ಲಿ ಗಾಳಿಯ ಗುಳ್ಳೆಯಿದ್ದರೆ ಕಾಲಿನ ಶ್ರಮವೆಲ್ಲ ಆ ಗುಳ್ಳೆಯನ್ನು ಕುಗ್ಗಿಸುವುದರಲ್ಲಿಯೇ ತೀರಿ, ಗಾಲಿಗೆ ತಲುಪುವ ಒತ್ತಡವು ಕಡಿಮೆಯಾಗುತ್ತದೆ. ಇದು ಒಕ್ಕಲಿಗರಿಗೆ ಹೊಸ ಮಾತಲ್ಲ. ಬಾವಿಯ ಪಂಪಿನ ಹೀರುಕೊಳವೆಯಲ್ಲಿ ಗಾಳಿ ಸೇರಿದರೆ ಮೋಟಾರು ಎಷ್ಟು ತಿರುಗಿದರೂ ನೀರು ಏರುವುದಿಲ್ಲ. ಡೀಸೆಲ್ ಎಂಜಿನ್ನಿನ ಎಣ್ಣೆಯ ದಾರಿಯಲ್ಲಿ ಗಾಳಿ ಸೇರಿದರೆ ನಟ್ಟನ್ನು ಸಡಿಲಿಸಿ, ಗುಳ್ಳೆ ನಿಲ್ಲುವ ತನಕ ಎಣ್ಣೆ ಬಿಟ್ಟು, ಬಳಿಕ ಬಿಗಿಯುತ್ತಾರೆ. ಬ್ರೇಕಿನ ಗಾಳಿ ತೆಗೆಯುವುದೂ ಇದೇ ಕೆಲಸವೇ. ಭೇದವಿಷ್ಟೇ: ಪಂಪಿನಲ್ಲಿ ತಪ್ಪಾದರೆ ಒಂದು ದಿನದ ನೀರು ಹೋಗುವುದು, ಬ್ರೇಕಿನಲ್ಲಿ ತಪ್ಪಾದರೆ ಪ್ರಾಣ ಹೋಗುವುದು.

ಆದರೆ ಪಂಪಿನ ಮಾತನ್ನೇ ಇನ್ನೊಂದು ಹೆಜ್ಜೆ ಮುಂದೆ ಒಯ್ಯಬೇಕು. ಹೀರುಕೊಳವೆಯಲ್ಲಿ ಸೀಳು ಇರುವ ತನಕ ದಿನವೂ ನೀರು ತುಂಬಿದರೂ ದಿನವೂ ಗಾಳಿ ಸೇರುವುದು. ಹಾಗೆಯೇ ಬ್ರೇಕಿಗೆ ಗಾಳಿಯು ತಾನಾಗಿ ಬರುವುದಿಲ್ಲ. ಎಲ್ಲಿಯೋ ಸೋರಿಕೆಯಿದೆ, ಡಬ್ಬಿಯ ಎಣ್ಣೆ ಬತ್ತಿದೆ, ಅಥವಾ ಕಟ್ಟುವಾಗಲೇ ತಪ್ಪಾಗಿದೆ. ಕಾರಣವನ್ನು ಹುಡುಕದೆ ಗಾಳಿಯನ್ನು ಮಾತ್ರ ತೆಗೆದು ಬಂಡಿಯನ್ನು ಕಳಿಸುವ ಮಿಸ್ತ್ರಿಯು ರೋಗವನ್ನು ಬಿಟ್ಟು ಜ್ವರವನ್ನು ಇಳಿಸಿದ ವೈದ್ಯನಂತೆ. ಮೊದಲು ಕಾರಣ, ಆಮೇಲೆ ಗಾಳಿ: ಈ ಕ್ರಮವನ್ನು ಎಂದೂ ತಪ್ಪಿಸಲಾಗದು.

ಕಟ್ಟುವಾಗ ಆಗುವ ತಪ್ಪುಗಳು

ಊರಲ್ಲಿ ಕಟ್ಟಿದ ಬಂಡಿಯ ಬ್ರೇಕು ಎಷ್ಟು ಸಲ ಗಾಳಿ ತೆಗೆದರೂ ಸರಿಹೋಗದಿದ್ದರೆ ಈ ಕೆಳಗಿನ ಅಂಶಗಳನ್ನು ಒಂದೊಂದಾಗಿ ಪರೀಕ್ಷಿಸತಕ್ಕದ್ದು.

(೧) ಮಾಸ್ಟರ್ ಸಿಲಿಂಡರಿನ ಅಳತೆ. ದೊಡ್ಡ ಸಿಲಿಂಡರು ಹಾಕಿದರೆ ಬ್ರೇಕು ಬಲವಾಗುವುದೆಂದು ಹಲವರ ತಿಳುವಳಿಕೆ. ಸಂಗತಿಯು ಇದಕ್ಕೆ ವಿರುದ್ಧವಾಗಿದೆ. ಚಾಲಕನು ಪೆಡಲನ್ನು ೩೦ ಕಿಲೋಗ್ರಾಂ ಬಲದಿಂದ ಒತ್ತಿ, ಪೆಡಲಿನ ಸನ್ನೆಯು ಅದನ್ನು ಐದು ಪಟ್ಟು ಮಾಡಿದರೆ, ಪಿಸ್ಟನ್ನಿನ ಮೇಲೆ ೧೫೦ ಕಿಲೋಗ್ರಾಂ ಬೀಳುವುದು. ಸಿಲಿಂಡರಿನ ಒಳ ಅಗಲವು ಮುಕ್ಕಾಲು ಇಂಚು ಇದ್ದರೆ ಎಣ್ಣೆಯ ಒತ್ತಡವು ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು ೫೨ ಕಿಲೋಗ್ರಾಂ ಆಗುವುದು. ಒಂದು ಇಂಚು ಇದ್ದರೆ ಸುಮಾರು ೩೦ ಮಾತ್ರ. ಹಾಗೆಂದು ತೀರ ಸಣ್ಣದನ್ನು ಹಾಕಿದರೂ ಆಗದು. ಅದು ಪ್ರತಿ ಒತ್ತಿಗೆ ಕಡಿಮೆ ಎಣ್ಣೆಯನ್ನು ತಳ್ಳುವುದರಿಂದ ಶೂಗಳು ಡ್ರಮ್ಮನ್ನು ಮುಟ್ಟುವ ಮೊದಲೇ ಪೆಡಲು ನೆಲಕ್ಕೆ ತಾಗುವುದು. ಯಾವ ವಾಹನದ ಅಚ್ಚು ಮತ್ತು ಗಾಲಿಯ ಸಿಲಿಂಡರುಗಳಿವೆಯೋ ಅದೇ ವಾಹನದ ಮಾಸ್ಟರ್ ಸಿಲಿಂಡರನ್ನು ಹಾಕುವುದು ಎಲ್ಲಕ್ಕಿಂತ ಕ್ಷೇಮಕರ.

(೨) ಪೆಡಲಿನ ಸನ್ನೆ. ಎಂಜಿನ್ನಿನ ಹೀರಿಕೆಯ ಸಹಾಯವಿಲ್ಲದ ಬ್ರೇಕಿಗೆ ಸನ್ನೆಯು ಐದರಿಂದ ಆರು ಪಟ್ಟು ಇರುವುದು ವಾಡಿಕೆ. ಕ್ಲಚ್ಚಿನ ಪೆಡಲನ್ನೋ ಕೈಗೆ ಸಿಕ್ಕ ಪಟ್ಟಿಯನ್ನೋ ಬೆಸೆದಾಗ ಈ ಪ್ರಮಾಣವು ಎರಡು ಮೂರಕ್ಕೆ ಇಳಿದುಬಿಡುತ್ತದೆ. ಆಗ ಪೆಡಲು ಕಲ್ಲಿನಂತೆ ಗಟ್ಟಿಯಾಗಿರುವುದು, ಬಂಡಿ ಮಾತ್ರ ನಿಲ್ಲದು. ಪೆಡಲನ್ನು ಬೆಸೆದ ತಗಡು ಒತ್ತಿದಾಗ ಬಾಗುವಂತಿದ್ದರೆ ಗಾಳಿಯಿಲ್ಲದೆಯೂ ಪೆಡಲು ಮೆತ್ತಗೆ ತೋರುವುದು.

(೩) ಒತ್ತುಕಡ್ಡಿಯ ಸಡಿಲು. ಪೆಡಲನ್ನು ಬಿಟ್ಟಾಗ ಒತ್ತುಕಡ್ಡಿಗೂ ಪಿಸ್ಟನ್ನಿಗೂ ನಡುವೆ ಸುಮಾರು ಒಂದು ಮಿಲಿಮೀಟರು ಎಡೆ ಇರಬೇಕು. ಇಲ್ಲದಿದ್ದರೆ ಎಣ್ಣೆಯು ಡಬ್ಬಿಗೆ ಮರಳುವ ಸಣ್ಣ ರಂಧ್ರವು ಮುಚ್ಚಿಯೇ ಇದ್ದು, ಬಿಸಿಯಾದ ಎಣ್ಣೆಯು ಹಿಗ್ಗಿ, ಬ್ರೇಕು ತಾನೇ ಹಿಡಿದುಕೊಳ್ಳುತ್ತದೆ.

(೪) ನಿಪ್ಪಲಿನ ಸ್ಥಾನ. ಗಾಳಿ ಬಿಡುವ ನಿಪ್ಪಲು ಗಾಲಿಯ ಸಿಲಿಂಡರಿನ ಅತ್ಯಂತ ಮೇಲಿನ ಕಡೆಯಲ್ಲಿರಬೇಕು. ಡಿಸ್ಕ್ ಬ್ರೇಕಿನ ಕ್ಯಾಲಿಪರುಗಳನ್ನು ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಕೂಡಿಸಿದರೆ ನಿಪ್ಪಲು ಕೆಳಮುಖವಾಗುವುದು. ಗಾಳಿಯು ಮೇಲೆ, ಬಾಗಿಲು ಕೆಳಗೆ. ಎಷ್ಟು ಎಣ್ಣೆ ಚೆಲ್ಲಿದರೂ ಗಾಳಿ ಹೊರಡದು. ಕೊಳವೆಯು ನಡುವೆ ಕಮಾನಿನಂತೆ ಮೇಲೆದ್ದು ಇಳಿದಿದ್ದರೆ ಆ ಕಮಾನಿನಲ್ಲಿಯೂ ಗಾಳಿ ನಿಲ್ಲುವುದು.

(೫) ನೆಲಹಲಗೆಯ ಕೆಳಗಿನ ಮಾಸ್ಟರ್ ಸಿಲಿಂಡರು. ಎಣ್ಣೆಯ ಡಬ್ಬಿಯು ಗಾಲಿಯ ಸಿಲಿಂಡರಿಗಿಂತ ಕೆಳಗಿದ್ದರೆ ಎಣ್ಣೆಯು ಹಿಂದಕ್ಕೆ ಇಳಿಯುವುದು. ಇದಕ್ಕಾಗಿ ಕೊಳವೆಯಲ್ಲಿ ಅಲ್ಪ ಒತ್ತಡವನ್ನು ಉಳಿಸುವ ಕವಾಟವು ಬೇಕು. ಡ್ರಮ್ ಬ್ರೇಕಿಗೆ ಪ್ರತಿ ಚದರ ಇಂಚಿಗೆ ಸುಮಾರು ೧೦ ಪೌಂಡು, ಡಿಸ್ಕ್ ಬ್ರೇಕಿಗೆ ೨ ಪೌಂಡು. ಡ್ರಮ್ಮಿನ ಕವಾಟವನ್ನು ಡಿಸ್ಕಿಗೆ ಹಾಕಿದರೆ ಬ್ರೇಕು ಬಿಡದೆ ಉಜ್ಜುತ್ತಿರುವುದು.

(೬) ಕೊಳವೆ ಮತ್ತು ತಿರುಪು. ಬ್ರೇಕಿಗೆ ಉಕ್ಕಿನ ಬ್ರೇಕ್ ಪೈಪನ್ನೇ ಹಾಕಿ, ತುದಿಯನ್ನು ಇಮ್ಮಡಿ ಅರಳಿಸಿ ಕೂಡಿಸಬೇಕು. ಬರೀ ತಾಮ್ರದ ಕೊಳವೆಯು ಅಲುಗಾಟದಿಂದ ಪೆಡಸಾಗಿ ಬಿರಿಯುತ್ತದೆ. ಡೀಸೆಲಿನ ರಬ್ಬರು ಕೊಳವೆಗೆ ಕ್ಲಿಪ್ಪು ಹಾಕಿ ಕೂಡಿಸುವುದಂತೂ ಸರ್ವಥಾ ಕೂಡದು. ಹಳೆಯ ವಾಹನಗಳ ೩/೮ ಇಂಚಿನ ತಿರುಪೂ ಹೊಸ ವಾಹನಗಳ ೧೦ ಮಿಲಿಮೀಟರಿನ ತಿರುಪೂ ಕಣ್ಣಿಗೆ ಒಂದೇ ರೀತಿ ಕಾಣುತ್ತವೆ. ಒಂದರಲ್ಲಿ ಇನ್ನೊಂದನ್ನು ಕೂಡಿಸಿದರೆ ಬಿಗಿಯಾದಂತೆ ತೋರಿ, ಒತ್ತಡ ಬಿದ್ದಾಗ ಸೋರುತ್ತದೆ ಅಥವಾ ಕಿತ್ತುಬರುತ್ತದೆ.

(೭) ಒಂದೇ ದಾರಿಯ ಬ್ರೇಕು. ಹಳೆಯ ಜೀಪುಗಳಲ್ಲಿದ್ದಂತೆ ನಾಲ್ಕೂ ಗಾಲಿಗಳಿಗೆ ಎಣ್ಣೆಯ ದಾರಿಯು ಒಂದೇ ಆಗಿದ್ದರೆ, ಒಂದು ಕೊಳವೆ ಒಡೆದರೂ ಎಲ್ಲ ಗಾಲಿಗಳ ಬ್ರೇಕೂ ಹೋಗುವುದು. ಮುಂದಿನ ಗಾಲಿಗಳಿಗೆ ಒಂದು, ಹಿಂದಿನವಕ್ಕೆ ಒಂದು ಹೀಗೆ ಎರಡು ದಾರಿಗಳುಳ್ಳ ಮಾಸ್ಟರ್ ಸಿಲಿಂಡರನ್ನು ಹಾಕಿಸುವ ಖರ್ಚು ಎಂದೂ ವ್ಯರ್ಥವಲ್ಲ. ಎಣ್ಣೆಯನ್ನು ನೆಚ್ಚದೆ ತಂತಿ ಅಥವಾ ಸರಳಿನಿಂದ ನಡೆಯುವ ಕೈಬ್ರೇಕು ಬೇರೆಯಾಗಿ ಇದ್ದೇ ಇರಬೇಕು.

ಪೆಡಲು ತೋರಿಸುವ ಲಕ್ಷಣಗಳು

ನಾಡಿಯನ್ನು ಹಿಡಿದು ರೋಗವನ್ನು ತಿಳಿಯುವಂತೆ, ಬಂಡಿಯನ್ನು ನಿಲ್ಲಿಸಿಕೊಂಡೇ ಪೆಡಲನ್ನು ಒತ್ತಿ ಬ್ರೇಕಿನ ಸ್ಥಿತಿಯನ್ನು ಬಹುಮಟ್ಟಿಗೆ ತಿಳಿಯಬಹುದು.

ಪೆಡಲು ರಬ್ಬರಿನಂತೆ ಮೆತ್ತಗಿದ್ದು, ನಾಲ್ಕೈದು ಸಲ ಬೇಗ ಬೇಗನೆ ಒತ್ತಿದರೆ ಗಟ್ಟಿಯಾಗುತ್ತ ಬಂದರೆ ಒಳಗೆ ಗಾಳಿಯಿದೆ.

ಪೆಡಲು ಬಹಳ ಕೆಳಗೆ ಹೋದ ಮೇಲೆ ಗಟ್ಟಿಯಾಗಿ ನಿಂತು, ಎರಡನೆಯ ಒತ್ತಿಗೆ ಮೇಲೆಯೇ ಹಿಡಿದರೆ, ದೋಷವು ಗಾಳಿಯದಲ್ಲ; ಲೈನರು ಸವೆದು ಶೂಗಳು ಡ್ರಮ್ಮಿನಿಂದ ದೂರ ಸರಿದಿವೆ. ಗಾಲಿಯನ್ನು ಎತ್ತಿ, ಹೊಂದಿಕೆಯ ತಿರುಪನ್ನು ಗಾಲಿ ಹಿಡಿಯುವ ತನಕ ಬಿಗಿದು, ಗಾಲಿಯು ಸರಾಗವಾಗಿ ತಿರುಗುವಷ್ಟೇ ಹಿಂದಕ್ಕೆ ಸಡಿಲಿಸಬೇಕು. ಈ ಒಂದು ಕೆಲಸವನ್ನು ಬಿಟ್ಟು ಎರಡು ಮೂರು ಡಬ್ಬಿ ಎಣ್ಣೆಯನ್ನು ವ್ಯರ್ಥವಾಗಿ ಚೆಲ್ಲುವುದುಂಟು.

ಪೆಡಲನ್ನು ಒಂದೇ ಬಲದಿಂದ ಒತ್ತಿ ಹಿಡಿದಾಗ ಅದು ಮೆಲ್ಲಮೆಲ್ಲನೆ ಕೆಳಗಿಳಿದರೆ ಸೋರಿಕೆ ಇದೆ. ಕೊಳವೆ, ಕೂಡಿಕೆ, ಗಾಲಿಯ ಒಳಬದಿ ಎಲ್ಲಿಯೂ ತೇವವು ಕಾಣದೆ, ಡಬ್ಬಿಯ ಎಣ್ಣೆಯೂ ಇಳಿಯದಿದ್ದರೆ ಮಾಸ್ಟರ್ ಸಿಲಿಂಡರಿನ ರಬ್ಬರು ಸವೆದು ಎಣ್ಣೆಯು ಒಳಗಿಂದೊಳಗೇ ಹಿಂದೆ ಜಾರುತ್ತಿದೆ. ಎಲ್ಲ ಲಕ್ಷಣಗಳಲ್ಲಿ ಇದು ಅತಿ ಕೆಟ್ಟದ್ದು. ಏಕೆಂದರೆ ಒಮ್ಮೆಲೆ ಒತ್ತಿದರೆ ಬ್ರೇಕು ಚೆನ್ನಾಗಿರುವಂತೆ ತೋರಿ, ಇಳಿಜಾರಿನಲ್ಲಿ ಬಹಳ ಹೊತ್ತು ಒತ್ತಿ ಹಿಡಿದಾಗ ಕೈಕೊಡುತ್ತದೆ.

ಪೆಡಲು ಗಟ್ಟಿಯಾಗಿದ್ದೂ ಬಂಡಿ ನಿಲ್ಲದಿದ್ದರೆ ಲೈನರಿಗೆ ಎಣ್ಣೆ ಅಥವಾ ಗ್ರೀಸು ಬಿದ್ದಿದೆ, ಲೈನರು ಕಾಯ್ದು ನುಣುಪಾಗಿದೆ, ಗಾಲಿಯ ಪಿಸ್ಟನ್ನು ತುಕ್ಕು ಹಿಡಿದು ಕೂತಿದೆ, ಅಥವಾ ಮೇಲೆ ಹೇಳಿದ ಅಳತೆಯ ತಪ್ಪಿದೆ. ಬಂಡಿಯು ಒಂದು ಮಗ್ಗುಲಿಗೆ ಎಳೆದರೆ, ಎಳೆಯದ ಮಗ್ಗುಲಿನ ಗಾಲಿಯನ್ನು ಮೊದಲು ಬಿಚ್ಚಿ ನೋಡತಕ್ಕದ್ದು.

ಸಮನೆಲದಲ್ಲಿ ಸರಿಯಿದ್ದ ಪೆಡಲು ಉದ್ದದ ಇಳಿಜಾರಿನಲ್ಲಿ ಮೆತ್ತಗಾಗಿ, ತಣ್ಣಗಾದ ಮೇಲೆ ಮತ್ತೆ ಸರಿಯಾದರೆ, ಎಣ್ಣೆಯೊಳಗಿನ ನೀರು ಕುದಿದು ಆವಿಯಾಗಿದೆ. ೩ ಟನ್ನು ತೂಕದ ಬಂಡಿಯನ್ನು ೫೦ ಮೀಟರು ಎತ್ತರದಿಂದ ಬರೀ ಬ್ರೇಕಿನ ಬಲದಿಂದ ಇಳಿಸಿದರೆ ಹುಟ್ಟುವ ಶಾಖವು ೫ ಲೀಟರು ನೀರನ್ನು ಕುದಿಯುವ ಹದಕ್ಕೆ ತರುವಷ್ಟಿರುತ್ತದೆ. ಆದುದರಿಂದ ಇಳಿಯುವ ಮೊದಲೇ ಕೆಳಗಿನ ಗೇರನ್ನು ಹಾಕಿ, ಎಂಜಿನ್ನಿನಿಂದಲೇ ಬಂಡಿಯನ್ನು ತಡೆಯಿಸಬೇಕು. ಡೀಸೆಲ್ ಉಳಿಸುವ ಆಸೆಯಿಂದ ನ್ಯೂಟ್ರಲ್ಲಿನಲ್ಲಿ ಇಳಿಸುವವರು ಹೊರೆಯನ್ನೆಲ್ಲ ಬ್ರೇಕಿನ ಮೇಲೆ ಹೊರಿಸಿದಂತಾಗುತ್ತದೆ.

ಎಣ್ಣೆಯ ಆಯ್ಕೆ

ಬ್ರೇಕ್ ಆಯಿಲ್ ಎಂಬುದು ಹೆಸರಿಗೆ ಮಾತ್ರ ಎಣ್ಣೆ. ಎಂಜಿನ್ ಆಯಿಲ್, ಡೀಸೆಲ್, ಸೀಮೆಎಣ್ಣೆಗಳ ಜಾತಿಯದಲ್ಲ. ಇವುಗಳಲ್ಲಿ ಯಾವುದು ಒಂದು ಚಮಚೆ ಬಿದ್ದರೂ ಬ್ರೇಕಿನ ರಬ್ಬರುಗಳು ಉಬ್ಬಿ, ಬ್ರೇಕು ಬಿಗಿಹಿಡಿದು ಕೊನೆಗೆ ಕೆಡುತ್ತದೆ. ಭಾಗಗಳನ್ನು ತೊಳೆಯುವುದಕ್ಕೂ ಸೀಮೆಎಣ್ಣೆ, ಪೆಟ್ರೋಲು ಕೂಡದು. ಹೊಸ ಬ್ರೇಕ್ ಆಯಿಲನ್ನು ಅಥವಾ ಸ್ಪಿರಿಟ್ಟನ್ನು ಬಳಸಬೇಕು. ತಪ್ಪಿ ಅಂಥ ಎಣ್ಣೆಯನ್ನು ಹಾಕಿದ್ದಾದರೆ ಬರೀ ಚೆಲ್ಲಿದರೆ ಸಾಲದು, ರಬ್ಬರುಗಳನ್ನೆಲ್ಲ ಬದಲಾಯಿಸಬೇಕು. ಟ್ರ್ಯಾಕ್ಟರುಗಳಲ್ಲಿ ಎಣ್ಣೆಯಲ್ಲಿ ಮುಳುಗಿದ ಬ್ರೇಕುಗಳೂ ಇವೆ. ಅವುಗಳ ಎಣ್ಣೆ ಬೇರೆ, ಕ್ರಮ ಬೇರೆ. ಒಂದಕ್ಕೆ ಇನ್ನೊಂದರದನ್ನು ಸುರಿಯಬಾರದು.

ಪೇಟೆಯಲ್ಲಿ ಡಾಟ್ ೩, ಡಾಟ್ ೪ ಎಂಬ ಗುರುತಿನ ಡಬ್ಬಿಗಳು ಸಿಗುತ್ತವೆ. ಹೊಸದಾಗಿರುವಾಗ ಡಾಟ್ ೩ರ ಕುದಿಯುವ ಮಟ್ಟವು ಕನಿಷ್ಠ ೨೦೫ ಡಿಗ್ರಿ ಸೆಂಟಿಗ್ರೇಡ್, ಡಾಟ್ ೪ರದು ೨೩೦. ಆದರೆ ಈ ದ್ರವವು ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ. ನೂರಕ್ಕೆ ನಾಲ್ಕು ಪಾಲಿಗಿಂತಲೂ ಕಡಿಮೆ ನೀರು ಸೇರಿದರೆ ಸಾಕು, ಈ ಮಟ್ಟಗಳು ೧೪೦ ಮತ್ತು ೧೫೫ರ ಸುಮಾರಿಗೆ ಇಳಿಯಬಹುದು. ಆದುದರಿಂದ ಸೀಲು ಒಡೆಯದ ಸಣ್ಣ ಡಬ್ಬಿಯನ್ನೇ ಕೊಳ್ಳಬೇಕು. ಮಳೆಗಾಲವೆಲ್ಲ ಬಾಯಿ ತೆರೆದು ಮೂಲೆಯಲ್ಲಿ ನಿಂತ ಡಬ್ಬಿಯನ್ನೂ, ಗಾಳಿ ತೆಗೆಯುವಾಗ ಬಾಟಲಿಗೆ ಬಿದ್ದ ಎಣ್ಣೆಯನ್ನೂ ಮತ್ತೆ ಬಳಸಬಾರದು. ಬಂಡಿಯಲ್ಲಿನ ಎಣ್ಣೆಯನ್ನು ಎರಡು ವರ್ಷಕ್ಕೊಮ್ಮೆಯಾದರೂ ಪೂರ್ತಿ ಬದಲಿಸತಕ್ಕದ್ದು. ಡಾಟ್ ೫ ಎಂಬ ಸಿಲಿಕೋನಿನ ದ್ರವವನ್ನು ಇವುಗಳೊಡನೆ ಬೆರೆಸಕೂಡದು. ಬ್ರೇಕ್ ಆಯಿಲು ವಿಷಕರವಾದುದು, ಬಣ್ಣವನ್ನೂ ತಿನ್ನುತ್ತದೆ. ಮಕ್ಕಳ ಕೈಗೂ ದನಗಳ ಬಾಯಿಗೂ ಸಿಗದಂತೆ ಇಡಬೇಕು.

ಗಾಳಿ ತೆಗೆಯುವ ಕ್ರಮ

ಸೋರಿಕೆಗಳನ್ನು ನಿಲ್ಲಿಸಿ, ಶೂಗಳನ್ನು ಹೊಂದಿಸಿದ ಮೇಲೆಯೇ ಈ ಕೆಲಸಕ್ಕೆ ಕೈಹಾಕಬೇಕು. ಬೇಕಾದ ಸಾಮಾನು ಅಲ್ಪ: ನಿಪ್ಪಲಿಗೆ ಸರಿಯಾದ ಪಾನಾ, ಒಳಗಿನದು ಕಾಣುವ ಸಣ್ಣ ಪ್ಲಾಸ್ಟಿಕ್ ಕೊಳವೆ, ಸ್ವಚ್ಛವಾದ ಗಾಜಿನ ಬಾಟಲಿ, ಹೊಸ ಬ್ರೇಕ್ ಆಯಿಲು, ಒಂದು ಮರದ ತುಂಡು, ಇಬ್ಬರು ಮನುಷ್ಯರು. ಬಂಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ನೆಲದ ಮೇಲಿರುವ ಗಾಲಿಗಳಿಗೆ ಎರಡೂ ಕಡೆ ಅಡ್ಡೆ ಕೊಟ್ಟು, ಎತ್ತಿದ ಕಡೆಯಲ್ಲಿ ಗಟ್ಟಿಯಾದ ಕಬ್ಬಿಣದ ಸ್ಟ್ಯಾಂಡನ್ನು ಇಡತಕ್ಕದ್ದು. ಜಾಕನ್ನೊಂದನ್ನೇ ನಂಬಿ ಅಥವಾ ಕಲ್ಲು ಇಟ್ಟಿಗೆಗಳನ್ನು ಪೇರಿಸಿ ಬಂಡಿಯ ಕೆಳಗೆ ಹೋಗಬಾರದು. ಡ್ರಮ್ಮಿನ ಧೂಳನ್ನು ಊದದೆ ಒದ್ದೆ ಬಟ್ಟೆಯಿಂದ ಒರೆಸಬೇಕು; ಹಳೆಯ ಲೈನರುಗಳಲ್ಲಿ ಪುಪ್ಪುಸಗಳಿಗೆ ಕೇಡುಮಾಡುವ ಆಸ್ಬೆಸ್ಟಾಸ್ ಇರಬಹುದು.

ಮೊದಲನೆಯದಾಗಿ, ಡಬ್ಬಿಯ ಮುಚ್ಚಳದ ಸುತ್ತಲಿನ ಕೆಮ್ಮಣ್ಣನ್ನು ಒರೆಸಿ, ಎಣ್ಣೆಯನ್ನು ಮೇಲಿನ ಗೆರೆಯ ತನಕ ತುಂಬಬೇಕು. ಮಾಸ್ಟರ್ ಸಿಲಿಂಡರು ಹೊಸದಾಗಿದ್ದರೆ ಅಥವಾ ಬಿಚ್ಚಿ ಕೂಡಿಸಿದ್ದರೆ, ಅದನ್ನು ಬಂಡಿಗೆ ಕೂಡಿಸುವ ಮೊದಲೇ ಮೇಜಿನ ಮೇಲೆ ಹಿಡಿಕೆಯಲ್ಲಿ ಸಮನಾಗಿ ಹಿಡಿಸಿ, ಬಾಯಿಗಳಿಂದ ಡಬ್ಬಿಯ ಎಣ್ಣೆಯೊಳಗೆ ಮುಳುಗುವಂತೆ ಸಣ್ಣ ಕೊಳವೆಗಳನ್ನು ಕೊಟ್ಟು, ಗುಳ್ಳೆ ನಿಲ್ಲುವ ತನಕ ಪಿಸ್ಟನ್ನನ್ನು ಮೆಲ್ಲನೆ ಒತ್ತಬೇಕು. ಇದನ್ನು ಬಿಟ್ಟರೆ ಗಾಲಿಗಳಲ್ಲಿ ದಿನವೆಲ್ಲ ದುಡಿದರೂ ಪೆಡಲು ಗಟ್ಟಿಯಾಗದು.

ಎರಡನೆಯದಾಗಿ, ಮಾಸ್ಟರ್ ಸಿಲಿಂಡರಿನಿಂದ ಅತಿ ದೂರದ ಗಾಲಿಯಿಂದ ಆರಂಭಿಸಬೇಕು. ಚಾಲಕನು ಬಲಕ್ಕೆ ಕುಳಿತುಕೊಳ್ಳುವ ಬಂಡಿಯಲ್ಲಿ ಸಾಮಾನ್ಯವಾಗಿ ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ ಇದು ಕ್ರಮ. ಬ್ರೇಕಿನ ಸಾಮಾನು ಯಾವ ವಾಹನದ್ದೋ ಅದರ ಪುಸ್ತಕದಲ್ಲಿ ಬೇರೆ ಕ್ರಮವನ್ನು ಹೇಳಿದ್ದರೆ ಅದನ್ನೇ ಅನುಸರಿಸಬೇಕು.

ಮೂರನೆಯದಾಗಿ, ನಿಪ್ಪಲಿಗೆ ಪಾನಾ ಕೊಟ್ಟು, ಅದರ ಮೇಲೆ ಪ್ಲಾಸ್ಟಿಕ್ ಕೊಳವೆಯನ್ನು ಸಿಕ್ಕಿಸಿ, ಇನ್ನೊಂದು ತುದಿಯನ್ನು ಬಾಟಲಿಯಲ್ಲಿ ಮೊದಲೇ ಹಾಕಿಟ್ಟ ಎಣ್ಣೆಯಲ್ಲಿ ಮುಳುಗಿಸಬೇಕು. ಗಾಲಿಯ ಬಳಿ ಕುಳಿತವನದೇ ಅಪ್ಪಣೆ. ಪೆಡಲಿನವನು ಪ್ರತಿ ಮಾತಿಗೂ ಉತ್ತರ ಕೊಡಬೇಕು. "ಒತ್ತು" ಎಂದಾಗ ಮೆಲ್ಲನೆ ಒತ್ತಿ "ಒತ್ತಿದೆ" ಎನ್ನಬೇಕು. ಆಗ ನಿಪ್ಪಲನ್ನು ಅರ್ಧ ಸುತ್ತು ಸಡಿಲಿಸಿದರೆ ಎಣ್ಣೆಯೂ ಗುಳ್ಳೆಗಳೂ ಹೊರಬಂದು ಪೆಡಲು ಕೆಳಗಿಳಿಯುವುದು. ಪೆಡಲು ಕೆಳಗಿರುವಾಗಲೇ ನಿಪ್ಪಲನ್ನು ಬಿಗಿದು, ಆಮೇಲೆ "ಬಿಡು" ಎನ್ನಬೇಕು. ನಿಪ್ಪಲು ತೆರೆದಿರುವಾಗ ಪೆಡಲನ್ನು ಬಿಟ್ಟರೆ ಹೋದ ಗಾಳಿಯು ತಿರುಗಿ ಒಳಗೆ ಬರುವುದು. ಪೆಡಲು ಮೇಲೆ ಬಂದ ಮೇಲೆ ಎರಡು ಮೂರು ಸೆಕೆಂಡು ತಡೆದು ಮತ್ತೆ ಒತ್ತಿಸಬೇಕು. ಬೇಗ ಬೇಗನೆ ಪಂಪು ಹೊಡೆಯುವುದು ತಪ್ಪು. ಅದರಿಂದ ದೊಡ್ಡ ಗುಳ್ಳೆಯು ಒಡೆದು ನೊರೆಯಾಗಿ, ಹೊರಡಿಸುವುದು ಇನ್ನೂ ಕಷ್ಟವಾಗುತ್ತದೆ.

ನಾಲ್ಕನೆಯದಾಗಿ, ನಾಲ್ಕೈದು ಒತ್ತುಗಳಿಗೊಮ್ಮೆ ಡಬ್ಬಿಯನ್ನು ನೋಡಿ ಎಣ್ಣೆ ಹಾಕುತ್ತಿರಬೇಕು. ಅದು ಒಮ್ಮೆ ಬತ್ತಿದರೆ ಮಾಸ್ಟರ್ ಸಿಲಿಂಡರೇ ಗಾಳಿ ಕುಡಿದು, ಮೊದಲಿನಿಂದ ಆರಂಭಿಸಬೇಕಾಗುತ್ತದೆ. ಸಿಲಿಂಡರು ಹಳೆಯದಾಗಿದ್ದರೆ ಪೆಡಲಿನ ಕೆಳಗೆ ಮರದ ತುಂಡನ್ನಿಟ್ಟು, ಅದು ಪೂರ್ತಿ ನೆಲಕ್ಕೆ ಹೋಗದಂತೆ ತಡೆಯಬೇಕು. ಎಂದೂ ಸವೆಯದ ತುದಿಯಲ್ಲಿ ಕೂತ ತುಕ್ಕು ಮತ್ತು ಮಡ್ಡಿಯು ರಬ್ಬರನ್ನು ಹರಿಯುವುದುಂಟು.

ಐದನೆಯದಾಗಿ, ಗುಳ್ಳೆಗಳು ನಿಂತು ತಿಳಿಯಾದ ಹೊಸ ಎಣ್ಣೆಯು ಬರತೊಡಗಿದ ಮೇಲೆ ನಿಪ್ಪಲನ್ನು ಹಿತವಾಗಿ ಬಿಗಿದು, ಮುಂದಿನ ಗಾಲಿಗೆ ಹೋಗಬೇಕು. ಅತಿಯಾಗಿ ಬಿಗಿದರೆ ನಿಪ್ಪಲು ಮುರಿಯುವುದು. ಎಲ್ಲ ಮುಗಿದ ಮೇಲೆ ನಿಪ್ಪಲಿಗೆ ರಬ್ಬರು ಟೋಪಿ ಹಾಕಿ, ಧೂಳು ಸೇರದಂತೆ ಮಾಡಬೇಕು.

ಇಷ್ಟಾದರೂ ಪೆಡಲು ಮೆತ್ತಗಿದ್ದರೆ ಮತ್ತಷ್ಟು ಎಣ್ಣೆಯನ್ನು ಚೆಲ್ಲದೆ, ಮೇಲೆ ಹೇಳಿದ ಕಟ್ಟುವಾಗಿನ ತಪ್ಪುಗಳ ಕಡೆಗೆ, ವಿಶೇಷವಾಗಿ ನಿಪ್ಪಲಿನ ಸ್ಥಾನ ಮತ್ತು ಕೊಳವೆಯ ಕಮಾನಿನ ಕಡೆಗೆ ತಿರುಗಿ ನೋಡಬೇಕು. ಪೆಡಲನ್ನು ಒತ್ತಿದಾಗ ಯಾವ ರಬ್ಬರು ಕೊಳವೆಯಾದರೂ ಹಾವಿನ ಹೊಟ್ಟೆಯಂತೆ ಉಬ್ಬಿದರೆ ಅದನ್ನು ಆಗಲೇ ಬದಲಿಸತಕ್ಕದ್ದು.

ರಸ್ತೆಗೆ ಬಿಡುವ ಮೊದಲು

ಪೆಡಲನ್ನು ಬಲವಾಗಿ ಒತ್ತಿ ಪೂರ್ತಿ ಒಂದು ನಿಮಿಷ ಹಿಡಿಯಬೇಕು, ಅದು ಕದಲಬಾರದು. ಅಷ್ಟರಲ್ಲಿ ಇನ್ನೊಬ್ಬನು ಪ್ರತಿಯೊಂದು ಕೂಡಿಕೆಯನ್ನೂ ಒಣಗಿದ ಬಟ್ಟೆಯಿಂದ ಒರೆಸಿ ತೇವ ನೋಡಬೇಕು. ಆಮೇಲೆ ಬರಿದಾದ ಬಂಡಿಯನ್ನು ಸಮನಾದ ಬಯಲಿನಲ್ಲಿ ನಡಿಗೆಯ ವೇಗದಿಂದ ಓಡಿಸಿ ನಿಲ್ಲಿಸಬೇಕು. ಬಳಿಕ ಗಂಟೆಗೆ ೨೦ ಕಿಲೋಮೀಟರಿನಿಂದ ನಾಲ್ಕೈದು ಸಲ. ಮಣ್ಣಿನ ಮೇಲೆ ಗಾಲಿಗಳು ಎಳೆದ ಗೆರೆಯೇ ಸಾಕ್ಷಿ. ಹಿಂದಿನ ಗಾಲಿಗಳು ಮುಂದಿನವಕ್ಕಿಂತ ಮೊದಲೇ ಬಿಗಿಹಿಡಿದರೆ ಬಂಡಿಯ ಬಾಲವು ತಿರುಗುವ ಭಯವಿದೆ. ನಿಲ್ಲುವಾಗ ಭಾರವು ಮುಂದಕ್ಕೆ ಬೀಳುವುದರಿಂದ ಮುಂದಿನ ಬ್ರೇಕೇ ಹೆಚ್ಚು ದುಡಿಯುವಂತಿರಬೇಕು. ನಿಂತ ಮೇಲೆ ಅಂಗೈಯನ್ನು ಡ್ರಮ್ಮುಗಳ ಹತ್ತಿರ, ಮುಟ್ಟದಂತೆ, ಹಿಡಿದು ನೋಡಬೇಕು. ಒಂದು ಡ್ರಮ್ಮು ಮಾತ್ರ ಬಹಳ ಬಿಸಿಯಿದ್ದರೆ ಅದರ ಬ್ರೇಕು ಬಿಡುತ್ತಿಲ್ಲ. ಒಂದು ಮಾತ್ರ ತಣ್ಣಗಿದ್ದರೆ ಅದರ ಬ್ರೇಕು ಹಿಡಿಯುತ್ತಿಲ್ಲ. ಇವೆಲ್ಲ ಸರಿಯಿದ್ದರೆ ಅರ್ಧ ಹೊರೆ, ಆಮೇಲೆ ಪೂರ್ತಿ ಹೊರೆ. ಇಳಿಜಾರಿನ ಪರೀಕ್ಷೆಯು ಕಟ್ಟಕಡೆಯದು. ಮಳೆಗಾಲದಲ್ಲಿ ಹಳ್ಳವನ್ನು ದಾಟಿದ ಮೇಲೆ ಡ್ರಮ್ಮಿನೊಳಗೆ ನೀರೂ ಕಪ್ಪು ರಾಡಿಯೂ ಸೇರಿರುವುದರಿಂದ, ನಿಧಾನವಾಗಿ ಸಾಗುತ್ತ ಪೆಡಲನ್ನು ಹಗುರಾಗಿ ಒತ್ತಿ ಒಣಗಿಸಿಕೊಂಡು ಮುಂದುವರಿಯಬೇಕು.

ಕಾಯಿದೆ ಮತ್ತು ಊರ ಹಿರಿಯರ ಕರ್ತವ್ಯ

ಬ್ರೇಕು ಎಷ್ಟೇ ಸರಿಯಾದರೂ ನೋಂದಣಿಯಿಲ್ಲದ ಬಂಡಿಯು ಸರಕಾರಿ ರಸ್ತೆಗೆ ಬರುವಂತಿಲ್ಲ. ಜುಗಾಡ್ ಬಂಡಿಗಳೂ ೧೯೮೮ರ ಮೋಟಾರು ವಾಹನಗಳ ಕಾಯಿದೆಗೆ ಒಳಪಟ್ಟ ಮೋಟಾರು ವಾಹನಗಳೇ ಎಂದೂ, ಕಾಯಿದೆಯನ್ನು ಪಾಲಿಸದೆ ಅವು ಓಡಬಾರದೆಂದೂ ಸರ್ವೋಚ್ಚ ನ್ಯಾಯಾಲಯವು ೨೦೧೩ರಲ್ಲಿ ತೀರ್ಪಿತ್ತಿದೆ. ನೋಂದಣಿಯಿಲ್ಲದೆ ಓಡಿಸುವವನಷ್ಟೇ ಅಲ್ಲ, ಓಡಿಸಗೊಡುವ ಧಣಿಯೂ ಹೊಣೆಗಾರನು. ಮೂರನೆಯವರ ಹಾನಿಗಾಗಿ ವಿಮೆಯೂ ಕಡ್ಡಾಯ. ಟ್ರ್ಯಾಕ್ಟರಿನ ಹಿಂದೆ ಕಟ್ಟುವ ಟ್ರೇಲರಿಗೂ ನೋಂದಣಿ ಬೇಕು. ಊರಲ್ಲಿ ಕಟ್ಟಿದ ಬಂಡಿಯು ಸ್ವಂತ ಹೊಲದ ಮೇರೆಯೊಳಗೆ ಗೊಬ್ಬರ, ಕಣಿಕೆಗಳನ್ನು ಸಾಗಿಸುವುದಕ್ಕೆ ಇರಲಿ; ಪೇಟೆಗೆ ಹೋಗುವ ಹೊರೆಗೆ ನೋಂದಾಯಿತ ವಾಹನವೇ ಇರಲಿ. ಹೊಲದೊಳಗೇ ಉರುಳಿದರೂ ಬಂಡಿಯ ಕೆಳಗೆ ಸಿಕ್ಕವನು ಮನುಷ್ಯನೇ ಆದುದರಿಂದ, ಹೊಲದ ಬಂಡಿಗೆ ಬ್ರೇಕು ಬೇಡವೆಂದು ಯಾರೂ ತಿಳಿಯಬಾರದು.

ಖಂಡೇನವಮಿಯ ದಿನ ವಾಹನಗಳನ್ನೂ ಉಪಕರಣಗಳನ್ನೂ ತೊಳೆದು, ಹೂವು ಏರಿಸಿ, ಕಾಯಿ ಒಡೆಯುವ ಪದ್ಧತಿಯು ನಮ್ಮಲ್ಲಿ ಮೊದಲಿನಿಂದಲೂ ನಡೆದುಬಂದಿದೆ. ಕಬ್ಬಿನ ಸುಗ್ಗಿಯು ಅದರ ಬೆನ್ನಿಗೇ ಆರಂಭವಾಗುವುದು. ಆ ಪೂಜೆಯ ಹಿಂದಿನ ವಾರದಲ್ಲಿ ಊರಿನ ಬಂಡಿಗಳನ್ನೂ ಟ್ರ್ಯಾಕ್ಟರು ಟ್ರೇಲರುಗಳನ್ನೂ ಒಂದೆಡೆ ತರಿಸಿ, ಬಲ್ಲ ಮಿಸ್ತ್ರಿಯೊಬ್ಬನನ್ನು ಕರೆಸಿ, ಪ್ರತಿಯೊಂದರ ಪೆಡಲನ್ನು ಒಂದು ನಿಮಿಷ ಒತ್ತಿ ಹಿಡಿಸಿ ನೋಡುವ ಏರ್ಪಾಡನ್ನು ಊರ ಹಿರಿಯರು ಮಾಡಿದರೆ ಅರ್ಧ ದಿನದಲ್ಲಿ ಮುಗಿಯುವ ಕೆಲಸವದು. ಪೆಡಲು ಇಳಿದ ಬಂಡಿಗೆ ಹೊರೆ ಹೇರುವುದಿಲ್ಲ, ಕೂಲಿಯವರನ್ನು ಹತ್ತಿಸುವುದಿಲ್ಲ ಎಂದು ಧಣಿಗಳೆಲ್ಲರೂ ಒಂದೇ ಮಾತಿಗೆ ನಿಂತರೆ, ಆ ಬಂಡಿಯ ಬ್ರೇಕು ಮರುದಿನವೇ ದುರಸ್ತಿಯಾಗುವುದರಲ್ಲಿ ಸಂಶಯವಿಲ್ಲ.